ಪಕ್ಕದ ಮನೆಯ ಗಡಿಗೆ

“ಆ ಸುಮಿತಾನ ಕೈಯಾಗ ಏನೋ ಅದ ನೋಡವಾ. ಕಸಾನೂ ಆಕಿ ಮಾತ ಕೇಳ್ತದ,” ಎಂದರು ಅತ್ತೆ ಸಖುಬಾಯಿ.

ಶಶಿಕಲಾ ಬಡಿಯುತ್ತಿದ್ದ ರೊಟ್ಟಿ ನಡುವೆ ಹರಿಯಿತು.

“ಬರೇ ಕಸಾ ಏನ್ರಿ ಅತ್ತಿ, ನೀವೂ ಕೇಳ್ತೀರಿ.”

“ಏನಂದಿ?”

“ಏನಿಲ್ರಿ. ರೊಟ್ಟಿ ಹರೀತು ಅಂದೆ.”

ಭಾಲ್ಕಿಯ ಆ ಓಣಿಗೆ ಸುಮಿತಾ ಬಾಡಿಗೆಗೆ ಬಂದದ್ದು ಯುಗಾದಿಯ ಹೊತ್ತಿಗೆ. ಬೀದರಿನ ಹುಡುಗಿ. ಗಂಡನಿಗೆ ಔರಾದಿನಲ್ಲಿ ನೌಕರಿ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಂದವಳೇ ಸಂತೆಗೆ ಬಟ್ಟೆಯ ಚೀಲ ಹಿಡಿದು ಹೊರಟಳು. ಮೊಸರು ತರಲು ಮನೆಯ ಡಬ್ಬಿಯನ್ನೇ ಒಯ್ದಳು. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿದಳು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿದಳು. ನೋಡನೋಡುತ್ತಲೇ ಓಣಿಯ ಹೆಂಗಸರೆಲ್ಲ ಕ್ಯಾರಿಬ್ಯಾಗು ಬಿಟ್ಟರು. ಅದುವರೆಗೆ ಹಪ್ಪಳಕ್ಕೆ ಉಪ್ಪೆಷ್ಟು, ಕೂಸಿನ ಕೆಮ್ಮಿಗೆ ಏನು ಎಂದು ಎಲ್ಲರೂ ಕೇಳುತ್ತಿದ್ದುದು ಶಶಿಕಲಾಳನ್ನು. ಈಗ ಅವಳ ಬಾಗಿಲು ದಾಟಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದರು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಅತ್ತೆಯ ಹೊಗಳಿಕೆಯನ್ನು ನುಂಗುವುದು ಹೇಗೆ? ಮದುವೆಯಾಗಿ ಈ ಮನೆಗೆ ಕಾಲಿಟ್ಟಂದಿನಿಂದ ಶಶಿಕಲಾ ಕಾದದ್ದು ಆ ಬಾಯಿಂದ ‘ಛಲೋ ಮಾಡೀದಿ’ ಎಂಬ ಒಂದೇ ಮಾತಿಗೆ. ಹೂವಿನಂಥ ಹೋಳಿಗೆ ಮಾಡಿ ಬಡಿಸಿದಾಗಲೂ ಬರಲಿಲ್ಲ. ಮೊಮ್ಮಗನನ್ನು ಹೆತ್ತು ಕೈಗಿಟ್ಟಾಗಲೂ ಬರಲಿಲ್ಲ.

ಆದ್ದರಿಂದಲೇ, ಕಾರಹುಣ್ಣಿಮೆ ಮುಗಿದ ಮೇಲೆ ಮಹಿಳಾ ಸಂಘದವರು ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವ ಪಂದ್ಯ ಇಟ್ಟಾಗ, ಮೊದಲು ಹೆಸರು ಕೊಟ್ಟವಳು ಶಶಿಕಲಾ. ಅವಳ ಹಿಂದೆಯೇ ಸುಮಿತಾ ಕೊಟ್ಟಳು. ಗೆದ್ದರೆ ಅತ್ತೆ ಬಾಯಿ ಬಿಡಲೇಬೇಕಲ್ಲ! ಕುಂಬಾರರಿಂದ ದೊಡ್ಡ ಗಡಿಗೆ ತಂದು, ಗಾಳಿಯಾಡಲು ತೂತು ಹಾಕಿಸಿದಳು. ಕಾಯಿಪಲ್ಲೆಯ ಸಿಪ್ಪೆಯ ಮೇಲೆ ಒಣಗಿದ ಎಲೆ, ಅದರ ಮೇಲೆ ಒಂದಿಷ್ಟು ಹುಳಿ ಮಜ್ಜಿಗೆ. ಕೂಸಿಗೆ ಹಾಲುಣಿಸಿದಷ್ಟು ಜೋಪಾನ.

ಒಂದು ದಿನ ಅತ್ತೆ ಬಂದು ಗಡಿಗೆಯೊಳಗೆ ಬಗ್ಗಿ ನೋಡಿದರು.

“ಇದರಾಗ ಎಲ್ಲಾ ಹಾಕಬಹುದೇನವಾ?”

ಕೊನೆಗೂ ಕೇಳಿದರಲ್ಲ ಎಂದು ಶಶಿಕಲಾ ಉಬ್ಬಿದಳು. ಯಾವುದು ಹಾಕಬೇಕು, ಯಾವುದು ಬೇಡ, ಎಷ್ಟು ದಿನಕ್ಕೆ ಕೈಯಾಡಿಸಬೇಕು, ತೇವ ಎಷ್ಟಿರಬೇಕು, ಎಲ್ಲವನ್ನೂ ಶಾಲೆಯ ಮಗುವಿನಂತೆ ಒಪ್ಪಿಸಿದಳು. ಅತ್ತೆ ತಲೆಯಾಡಿಸುತ್ತ ಕೇಳಿದರು. ಆಮೇಲೆ ಚಪ್ಪಲಿ ಮೆಟ್ಟಿ ನೇರ ಸುಮಿತಾಳ ಮನೆಗೆ ಹೋದರು.

ಶಶಿಕಲಾ ಬಾಗಿಲಿಗೆ ಬಂದು ನೋಡಿದಳು. ಅಲ್ಲಿ ಹೋಗಿ ಹೇಳಿಕೊಡಲಿಕ್ಕೇ ಕೇಳಿದರಲ್ಲ, ಈ ಮುದುಕಿ!

ಅಂದಿನಿಂದ ಅದೇ ರೂಢಿಯಾಯಿತು. ಮುಂಜಾನೆ ನಳದ ನೀರು ಹೋದ ಮೇಲೆ ಅತ್ತೆ ಸೆರಗಿನ ಮರೆಯಲ್ಲಿ ಒಂದು ಡಬ್ಬಿ ಹಿಡಿದು ಹೊರಡುವರು. ಹಿಂದಿನ ದಿನ ಬೇಯಿಸಿದ ಬೇಳೆ ಪಾತ್ರೆಯಲ್ಲಿ ಇರುತ್ತಿರಲಿಲ್ಲ. ಮಾವಿನ ಉಪ್ಪಿನಕಾಯಿ ಭರಣಿಯಲ್ಲಿ ಇಳಿಯುತ್ತ ಬಂತು. ಗಂಡ ದೂರ ಇರುವ ಹುಡುಗಿ, ತನ್ನೊಬ್ಬಳಿಗೇ ಏನು ಬೇಯಿಸಿಕೊಂಡಾಳು ಎಂಬ ಕರುಳು ಇರಬೇಕು. ಒಲೆಯ ಮುಂದೆ ಬೆಂದವಳು ಶಶಿಕಲಾ, ಉಣ್ಣುವವಳು ಸುಮಿತಾ!

ಗಂಡ ದತ್ತಾತ್ರಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತಲಿಲ್ಲ. “ಅವ್ವಗ ಹೊತ್ತು ಹೋಗ್ತದ, ಬಿಡು.”

ಒಂದು ದಿನ ಬಾಗಿಲಲ್ಲಿ ಸುಮಿತಾಳೇ ಎದುರಾದಳು.

“ನಿಮ್ಮ ಅತ್ತಿಯಂಥೋರು ಯಾರಿಗಿ ಸಿಗ್ತಾರ್ರೀ ಅಕ್ಕಾ! ನಾ ಒಳಗ ಚಾ ಇಡೂದ್ರಾಗ ಆಯಿ ನಮ್ಮ ಗಡಗಿ ಮುಂದ ಕೂತು ತಾವೇ ಕೈಯಾಡಿಸಿರ್ತಾರ. ನಮ್ಮ ಅವ್ವನೂ ಇಷ್ಟು ಮಾಡಿಲ್ರಿ.”

“ಹಂಗಾದ್ರ ನಿಮ್ಮ ಮನ್ಯಾಗೇ ಇಟ್ಕೋರಿ,” ಎಂದು ಶಶಿಕಲಾ ನಕ್ಕಳು. ನಕ್ಕದ್ದು ಹಲ್ಲು ಮಾತ್ರ.

ಶ್ರಾವಣದ ಕೊನೆಯ ಸೋಮವಾರ ಸಂಘದ ಅಧ್ಯಕ್ಷೆ ಮಲ್ಲೇಶ್ವರಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದರು. ಶಶಿಕಲಾಳ ಗಡಿಗೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು. ಕಪ್ಪು, ಪುಡಿಪುಡಿ. ಮಳೆ ಬಿದ್ದ ಹೊಲದ ವಾಸನೆ.

ಸುಮಿತಾಳ ಗಡಿಗೆಯ ಮುಚ್ಚಳ ತೆಗೆದರು. ಮರುಕ್ಷಣ ಎಲ್ಲರ ಸೆರಗೂ ಮೂಗಿಗೆ ಹೋಯಿತು. ಒಳಗೆ ಹುಳುಗಳು ಗಿಜಿಗುಡುತ್ತಿದ್ದವು.

“ಎಲ್ಲಾ ಬರೋಬ್ಬರಿ ಮಾಡೀನ್ರಿ,” ಸುಮಿತಾ ಅತ್ತೇಬಿಟ್ಟಳು. “ವಾಸನಿ ಬರಲಿಕ್ಕತ್ತಿತ್ತು. ಮೊದಮೊದಲು ಹಂಗೇ, ಮುಚ್ಚಿಡು ಅಂದ್ರು ಆಯಿ...”

ಶಶಿಕಲಾ ಗೆದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹುಡುಕಿದ್ದು ಒಂದೇ ಮುಖ. ಆ ಮುಖ ಅವಳ ಕಡೆ ಇರಲಿಲ್ಲ. ಅತ್ತೆ ಸುಮಿತಾಳನ್ನು ತಬ್ಬಿಕೊಂಡು ಕಣ್ಣೀರು ಒರೆಸುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಅತ್ತೆ ಸೊಸೆ ಇಬ್ಬರೇ ಕೂತರು. ಶಶಿಕಲಾ ತಾಟು ಸರಿಸಿದಳು.

“ಗೆದ್ದಾಕಿ ನಾನ್ರಿ ಅತ್ತಿ. ನೀವು ಕಣ್ಣೀರ ಒರಸಿದ್ದು ಆಕೀದು. ಆಕೀನೇ ಸೊಸಿ ಮಾಡ್ಕೋಬೇಕಿತ್ತು ನೀವು.”

“ಹುಚ್ಚಿ ಇದ್ದಿ. ನಮ್ಮ ಮಂದೀನ ನಾವೇ ಬಾಯ್ತುಂಬ ಹೊಗಳಿದ್ರ ದೃಷ್ಟಿ ಆಗ್ತದ. ಮಂದಿ ಮಕ್ಕಳ್ನ ಎಷ್ಟರೇ ಹೊಗಳಬಹುದು.”

“ಹೊಗಳೂದು ಹೋಗ್ಲಿ. ನಾ ಹೇಳಿಕೊಟ್ಟಿದ್ದೆಲ್ಲಾ ಆಕಿ ಗಡಗಿಗಿ ಹೋಗಿ ಮಾಡಿದ್ರಲ್ಲಾ, ಅದು?”

“ಎಲ್ಲಾ ಎಲ್ಲಿ ಮಾಡ್ದೆ? ಅರ್ಧಾನೇ.”

“ಯಾವ ಅರ್ಧಾ?”

ಸಖುಬಾಯಿ ರೊಟ್ಟಿ ಮುರಿದು ಪಲ್ಲೆಗೆ ಅದ್ದಿದರು.

“ಎಣ್ಣಿ ಹಾಕಬಾರ್ದು, ಉಪ್ಪು ಹಾಕಬಾರ್ದು, ಬೇಯಿಸಿದ ಬ್ಯಾಳಿ ಹಾಕಬಾರ್ದು ಅಂದಿದ್ದಿ ನೋಡು. ಆ ಅರ್ಧಾ.”

ಶಶಿಕಲಾ ಮೆಲ್ಲಗೆ ಎದ್ದು, ಸುಮಿತಾಳ ಮನೆಯ ಕಡೆಗಿದ್ದ ಕಿಟಕಿ ಮುಚ್ಚಿದಳು.