ಒಂಬತ್ತನೆಯ ಆಜ್ಞೆ

ಮೀನು ಮಾರುವ ಹೆಂಗಸೊಬ್ಬಳನ್ನು ಕಾರೊಂದು ಗುದ್ದಿ ಕೊಂದು ನಿಲ್ಲದೆ ಹೋದದ್ದನ್ನು ಕಂಡವಳು ಸುಗಂಧಿ ಒಬ್ಬಳೇ. ನಾಳೆ ಬೆಳಗಾದರೆ ಪೊಲೀಸರಿಗೆ ಹೇಳಿಕೆ ಕೊಡಬೇಕಿತ್ತು. ಎರಡು ದಿನದಿಂದ ಅನ್ನ ಸೇರದೆ, ಕೊನೆಗೆ ಪಾದ್ರಿ ಜಯಶೀಲರ ಮನೆಗೆ ಬಂದಳು.

“ಅಯ್ಯಾ, ನಾನು ಏನೂ ಕಾಣಲಿಲ್ಲ ಅಂತ ಹೇಳಿದ್ರೆ ಪಾಪವಾ?”

“ಪಾಪವೇ. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದು ಅಂತ ದೇವರು ಕಲ್ಲಿನಲ್ಲೇ ಬರೆದು ಕೊಟ್ಟಿದ್ದಾರೆ. ಕಂಡದ್ದನ್ನು ಕಂಡ ಹಾಗೆ ಹೇಳು.”

“ಕಾರು ಬಿಡ್ತಾ ಇದ್ದದ್ದು ಯಾರೇ ಆದ್ರೂ?”

“ಯಾರೇ ಆಗ್ಲಿ.”

ಸುಗಂಧಿ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಅದು ನಿಮ್ಮ ಮಗ.”

ಪಾದ್ರಿ ಎದ್ದು ಬಾಗಿಲು ಹಾಕಿ ಬಂದರು. ಬೈಬಲ್ ತೆರೆದರು.

“ಕೂತ್ಕೊ ಸುಗಂಧಿ. ಈ ಆಜ್ಞೆಗೆ ಒಂದು ಒಳಾರ್ಥ ಉಂಟು. ಇಲ್ಲಿ ನೆರೆಯವ ಅಂದ್ರೆ ಮನುಷ್ಯ ಅಲ್ಲ, ನಮ್ಮ ಆತ್ಮ. ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲ.”