ಶಂಭುಲಿಂಗನ ಪುಸ್ತಕ

ಹೇಳಲೋ, ಬೇಡವೋ? ಹೇಳಿದರೆ ಆನೆಯ ಪುಸ್ತಕವನ್ನು ತೆಗೆಯುತ್ತಾರೆ. ತೆಗೆದರೆ ಎಲ್ಲ ಪುಟವೂ ಕಣ್ಣಿಗೆ ಬೀಳುತ್ತದೆ, ಬೇಕಾದದ್ದೂ ಬೇಡವಾದದ್ದೂ. ಹೇಳದಿದ್ದರೆ ಈ ಸಲವೂ ಬರಿಗೈ. ಅರಣ್ಯ ಕಚೇರಿಯ ಜಗಲಿಯ ಕಂಬಕ್ಕೊರಗಿ ಕೂತ ಮುದಿ ಮಾವುತ ರಜಾಕ್ ಬೆಳಗಿನಿಂದ ಇದನ್ನೇ ಮೆಲುಕು ಹಾಕುತ್ತಿದ್ದ. ಗುಂಡ್ಲುಪೇಟೆಯ ಮನೆಯಲ್ಲಿ ಹೆಂಡತಿ ಹಫೀಜಾ ಕಣ್ಣು ಮಂಜಾಗಿದ್ದರೂ ಬೆರಳಂದಾಜಿನಲ್ಲಿ ಬೀಡಿ ಕಟ್ಟುತ್ತಿದ್ದಳು. ಅರವತ್ತು ದಾಟಿದ ಇಬ್ಬರ ಹೊಟ್ಟೆಗೆ ಅದೊಂದೇ ದಾರಿ. ಇನ್ನೊಂದು ದಾರಿಯೆಂದರೆ ಸರಕಾರ ಕೊಡಬೇಕಾದ ಪಿಂಚಣಿ.

"ಒಳಗ್ ಬಾ ರಜಾಕಣ್ಣ," ಗುಮಾಸ್ತ ಚಿಕ್ಕಮಲ್ಲಪ್ಪ ಕರೆದ. "ನಿನ್ ಅರ್ಜಿ ಚಾಮರಾಜನಗರದಿಂದ ವಾಪಸ್ ಬಂದದೆ. ಈ ಮನ್ಸ ಕಾಯಂ ನೌಕರಿಲಿದ್ದ ಅನ್ನಕ್ಕೆ ಸಾಕ್ಷಿ ಏನು, ದಿನಗೂಲಿಯವ್ನಾ ಅಂತ ಕೇಳವ್ರೆ."

"ಮೂವತ್ತೆಂಟು ವರ್ಸ ಆನೆ ಕತ್ತಿನ್ ಮ್ಯಾಲೆ ಕುಂತಿವ್ನಿ. ಇನ್ನೇನ್ ಸಾಕ್ಷಿ ಸ್ವಾಮಿ?"

"ಆನೆ ಬಂದು ಸಾಕ್ಷಿ ಹೇಳದಾ?" ಚಿಕ್ಕಮಲ್ಲಪ್ಪ ನಕ್ಕ. "ಇಲ್ನೋಡು ತಮಾಸೆ. ನಿನ್ ಆನೆ ಶಂಭುಲಿಂಗಂಗೆ ವಯಸ್ಸಾಯ್ತು, ಕೆಲ್ಸದಿಂದ ಬುಡ್ಸಿ ಸಾಯೋಗಂಟ ರಾಗಿ, ಬೆಲ್ಲ, ಹುಲ್ಲು ಕೊಡಿ ಅಂತ ಆರ್ಡರ್ ಬಂದದೆ. ಆನೆಗ್ ಪಿಂಚಣಿ, ಮಾವುತಂಗೆ ಕಡ್ಲೆಕಾಯ್ ಸಿಪ್ಪೆ!"

ಆ ನಗು ರಜಾಕನನ್ನು ಕುಟುಕಿತು. ಬೆಳಗಿನಿಂದ ತೂಗಿದ್ದೆಲ್ಲ ಒಂದೇ ಏಟಿಗೆ ಮಗುಚಿಕೊಂಡಿತು.

"ಆನೆ ಪುಸ್ತಕ ತಗೀರಿ. ಅವ್ನ್ ಹೆಸ್ರಿರೋ ಕಡೆಲೆಲ್ಲ ನನ್ ಹೆಸ್ರದೆ."

ಇಲಾಖೆಯ ಆನೆಗಳಿಗೆ ಒಂದೊಂದಕ್ಕೂ ಒಂದೊಂದು ಪುಸ್ತಕ. ಎತ್ತರ, ತಿಂದದ್ದು, ಕಾಯಿಲೆ, ಮಾವುತ ಯಾರು, ಎಲ್ಲವೂ ಅದರಲ್ಲಿ. ಚಿಕ್ಕಮಲ್ಲಪ್ಪ ದೂಳು ಕೊಡವಿ ಹಾಳೆ ತಿರುವುತ್ತ ಹೋದ. ವರ್ಷ ವರ್ಷವೂ ರಜಾಕನ ಹೆಸರಿತ್ತು. ಆದರೆ ಎಲ್ಲವೂ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ್ದು, ಮೇಲಿನವರ ರುಜು ಇಲ್ಲ. ಆಮೇಲೆ ಅವನು ತಟ್ಟನೆ ಮೇಜು ಗುದ್ದಿದ.

"ಸಿಕ್ತು ಕಣಣ್ಣಾ! ಕೇಳು. 'ಸಾವಿರದ ಒಂಬೈನೂರ ಮೂವತ್ತನಾಲ್ಕನೇ ಇಸವಿ. ಆನೆಯು ರೊಚ್ಚಿಗೆದ್ದು ಸಹಾಯಕನಾದ ಪುಟ್ಟಮಾದುವನ್ನು ಕೊಂದಿತು. ಮಾವುತ ರಜಾಕನು ಪ್ರಾಣದ ಹಂಗು ತೊರೆದು ಹತೋಟಿಗೆ ತಂದನು. ಆನೆಗೆ ಇನ್ನು ಮೇಲೆ ಜೋಡಿ ಸರಪಳಿ. ಮಾವುತನ ನೌಕರಿ ಕಾಯಂ ಮಾಡತಕ್ಕದ್ದು.' ಕೆಳಗೆ ಆಗಿನ ಫಾರೆಸ್ಟ್ ದೊರೆ ರುಜು, ಮೊಹರು! ಇದೊಂದ್ ಪುಟ ಸಾಕು."

ನಡೆದದ್ದು ಬೇರೆಯೆಂದು ರಜಾಕನಿಗೆ ಗೊತ್ತಿತ್ತು. ಮೂರು ದಿನ ಸರಿಯಾಗಿ ನಿದ್ದೆಯಿಲ್ಲದೆ ದಿಮ್ಮಿ ಸಾಗಿಸುತ್ತಿದ್ದ ಅವನು ಅಂದು ಮಧ್ಯಾಹ್ನ ಆನೆಯ ಕತ್ತಿನ ಮೇಲೆ ಕೂತಲ್ಲೇ ತೂಕಡಿಸಿದ್ದ. ಮುಂದಕ್ಕೆ ವಾಲಿದಾಗ ಕಾಲ್ಬೆರಳು ಕಿವಿಯ ಹಿಂದೆ ಒತ್ತಿತು. ಅಲ್ಲಿ ಒತ್ತಿದರೆ ತಳ್ಳು ಎಂದು ಅಪ್ಪಣೆ. ಶಂಭುಲಿಂಗ ದಿಮ್ಮಿಯನ್ನು ತಳ್ಳಿತು. ದಿಮ್ಮಿಯ ಆಚೆ ಬದಿಯಲ್ಲಿ ಪುಟ್ಟಮಾದು ಕುಕ್ಕರುಗಾಲಲ್ಲಿ ಕೂತು ಸರಪಳಿ ಬಿಗಿಯುತ್ತಿದ್ದ. ಓಡಿ ಬಂದವರು ಆನೆ ರೊಚ್ಚಿಗೆದ್ದಿತು ಎಂದರು. ರಜಾಕ್ ಅಲ್ಲ ಎನ್ನಲಿಲ್ಲ. ಹೇಳಿದ್ದನ್ನು ಮಾಡಿದ್ದಕ್ಕೆ ಆ ಪ್ರಾಣಿಗೆ ಇಪ್ಪತ್ತಮೂರು ವರ್ಷ ಜೋಡಿ ಸರಪಳಿ. ಪ್ರತಿದಿನ ಅದನ್ನು ಬಿಗಿದದ್ದೂ ಇವನ ಕೈಯೇ.

ಚಿಕ್ಕಮಲ್ಲಪ್ಪ ನಕಲು ಬರೆದುಕೊಂಡು, ರಜಾಕನ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿದ. "ಮೇಲ್ಕಂಡದ್ದು ನಿಜ ಅಂತ ಇಲ್ಲೊಂದ್ ಒತ್ಬುಡು. ತಿಂಗ್ಳೊಳ್ಗೆ ಪಿಂಚಣಿ ಬತ್ತದೆ."

ಹೆಬ್ಬೆರಳು ಕಾಗದದ ಮೇಲೆ ಗೇಣೆತ್ತರದಲ್ಲಿ ನಿಂತಿತು.

"ಆನೆ ಕೊಂದಿತು ಅನ್ನದ್ನ ಹೊಡ್ದಾಕಿ."

"ಏನು?"

"ಶಂಭುಲಿಂಗ ತಪ್ ಮಾಡಿಲ್ಲ. ಅಂಗಂತ ಬರೀರಿ, ಒತ್ತೀನಿ."

"ತಲೆಗಿಲೆ ಕೆಟ್ಟದಾ? ಅದ್ನ ಹೊಡ್ದಾಕುದ್ರೆ ನಿನ್ ಧೈರ್ಯನೂ ಓಯ್ತದೆ, ಕಾಯಮ್ಮೂ ಓಯ್ತದೆ. ದೊರೆನೇ ರುಜು ಮಾಡವ್ನಲ್ಲ!"

"ದೊರೆ ಅವತ್ತು ಅಲ್ಲಿರ್ನಿಲ್ಲ. ನಾನಿದ್ದೆ."

"ಇಪ್ಪತ್ಮೂರ್ ವರ್ಸ ಬಾಯಿಗ್ ಬೀಗ ಜಡ್ಕಂಡಿದ್ದು, ಈಗ ಆನೆಗ್ ವಕೀಲ್ಕೆ ಮಾಡಕ್ ಬಂದ್ಯಾ? ಆಯ್ತು, ಆನೆ ಮಾಡ್ನಿಲ್ಲ. ಮತ್ ಮಾಡ್ದೋರ್ ಯಾರು?"

ಚಿಕ್ಕಮಲ್ಲಪ್ಪ ಲೇಖನಿ ಹಿಡಿದು ಕಾದ. ರಜಾಕ್ ತನ್ನ ಮಸಿಯ ಹೆಬ್ಬೆರಳನ್ನು ನೋಡಿಕೊಂಡ. ಹಫೀಜಾಳ ಬೆರಳುಗಳು ನೆನಪಾದವು. ಆದರೂ ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಬರೆದ್ರೆ ಬರೀರಿ. ಇಲ್ದಿದ್ರೆ ಪಿಂಚಣಿ ನೀವೇ ಮಡೀಕಳಿ. ಅವ್ನ್ ತಲೆಗ್ ಕಟ್ಟಿ ತಿನ್ನೋ ಅನ್ನ ನಂಗ್ ಬ್ಯಾಡ."

ಎದ್ದವನು ಮಸಿಯ ಹೆಬ್ಬೆರಳನ್ನು ಸುಣ್ಣ ಬಳಿದ ಗೋಡೆಗೆ ಉದ್ದಕ್ಕೂ ತಿಕ್ಕಿದ.

"ಗೋಡೆ ಆಳ್ ಮಾಡ್ಬುಟ್ಟೆಯಲ್ಲಣ್ಣ!"

"ಸರಕಾರದ್ ಮಸಿ, ಸರಕಾರದ್ ಗೋಡೆ," ಎಂದು ರಜಾಕ್ ಹೊಸ್ತಿಲು ದಾಟಿದ.

ಶಂಭುಲಿಂಗ ತಪ್ಪು ಮಾಡಿಲ್ಲವೆಂದು ಅಂದಿನಿಂದ ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಬಸ್ಸಿನಲ್ಲಿ ಹೇಳಿದ, ಸಂತೆಯಲ್ಲಿ ಹೇಳಿದ, ಪಿಂಚಣಿ ಏನಾಯಿತೆಂದು ಕೇಳಿದ ಹಫೀಜಾಳಿಗೂ ಅದನ್ನೇ ಹೇಳಿದ. ಒತ್ತಿದ್ದು ತನ್ನ ಕಾಲು ಎಂದು ಯಾರಿಗೂ ಹೇಳಲಿಲ್ಲ.