ಹೊಸ ಅಗ್ರಹಾರದಿಂದ ಬಂದ ಮೇಲ್

"ನನ್ನ ಮಗಳ ಅರ್ಜಿ ಎಲ್ರೀ?" ಕಾಂತರಾಜ್ ಮೇಜು ಗುದ್ದಿದರು.

ಪಿರಿಯಾಪಟ್ಟಣದ ಆ ಬೀಜದ ಕಂಪನಿಯಲ್ಲಿ ಖಾಲಿ ಇದ್ದದ್ದು ಒಂದೇ ಕೆಲಸ. ಅರ್ಜಿ ಸಲ್ಲಿಸಲು ಇವತ್ತು ಸಂಜೆ ಐದೇ ಕೊನೆ. ಆಗಲೇ ನಾಲ್ಕೂವರೆ. ಮಗಳು ಶಿವಾನಿ ಪಕ್ಕದಲ್ಲೇ ನಿಂತಿದ್ದಳು.

"ಎಲ್ಲಿಂದ ಕಳ್ಸಿದ್ರು ಸಾರ್?" ಗುಮಾಸ್ತ ಬಸವರಾಜು ಕೇಳಿದ.

"ಹೊಸ ಅಗ್ರಹಾರದ ಕಂಪ್ಯೂಟರ್ ಸೆಂಟರಿಂದಂತೆ."

ಕೆ.ಆರ್. ನಗರದ ಮನೆಯಲ್ಲೇ ಲ್ಯಾಪ್‌ಟಾಪ್ ಇರುವಾಗ ಅಲ್ಲಿಗ್ಯಾಕೆ ಹೋದೆ ಎಂದು ಮಗಳನ್ನು ಕೇಳುವಷ್ಟು ತಾಳ್ಮೆ ಈ ಮಹಾಶಯರಿಗೆ ಎಲ್ಲಿಂದ ಬರಬೇಕು!

"ಅಲ್ಲಿಂದ ಬರೋದೆಲ್ಲ ಬ್ಲಾಕ್ ಸಾರ್. ಊರೋರೆಲ್ಲ ಸೆಂಟರಿನ ಒಂದೇ ಅಡ್ರೆಸ್ಸಿಂದ ಮೇಲ್ ಕಳಿಸ್ತಾರೆ. ಯಾವನೋ ಒಬ್ಬ ಲಾಟರಿ ಮೇಲ್ ಬುಟ್ಟ. ಅಡ್ರೆಸ್ಸೇ ಕಪ್ಪುಪಟ್ಟಿಗೆ ಓಯ್ತು."

"ಒಬ್ಬ ಮಾಡಿದ್ದಕ್ಕೆ ಊರಿಗೆಲ್ಲ ಶಿಕ್ಷೆಯೇನ್ರೀ? ಯಾವ ಕತ್ತೆ ಮಾಡ್ದ ಆ ಪಟ್ಟಿನ?"

"ಕೆ.ಆರ್. ನಗರದ ರೈತರ ಒಕ್ಕೂಟದ್ದು. ಸುತ್ತಮುತ್ತ ಎಲ್ರೂ ಅದನ್ನೇ ಹಾಕ್ಕೊಂಡಿದ್ದೀವಿ." ಬಸವರಾಜು ಪಟ್ಟಿಯ ಕೊನೆಯ ಸಾಲು ತೋರಿಸಿದ. ತಯಾರಿಸಿದವರು: ಎಂ. ಕಾಂತರಾಜ್.

ಕಾಂತರಾಜ್‌ಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಕ್ಕೂಟದ ಆಫೀಸಿನಲ್ಲಿ ಕೂತು ತಾವೇ ಪಟ್ಟಿಗೆ ಹಾಕಿದ್ದು ಮುನ್ನೂರು ಅಡ್ರೆಸ್ಸು, ಒಂದೇ ಮಧ್ಯಾಹ್ನದಲ್ಲಿ. ಒಂದು ಮೇಲನ್ನೂ ತೆರೆದು ನೋಡಿರಲಿಲ್ಲ. ಸಂಜೆ ಚಹಾ ಕುಡಿಯುತ್ತ ಸ್ಪ್ಯಾಮಿನ ಕಾಟ ತಪ್ಪಿಸಿದೆ ಎಂದು ಬೀಗಿದ್ದರು.

"ಆ ಕತ್ತೆ ನಾನೇ ಕಣಪ್ಪ. ತಪ್ಪಾಯ್ತು. ಆ ಅಡ್ರೆಸ್ ತೆಗೆದುಬಿಡಿ."

ಬಸವರಾಜು ತೆಗೆದ. ತಡೆದಿಟ್ಟಿದ್ದ ಇಪ್ಪತ್ತಮೂರು ಮೇಲ್‌ಗಳು ಒಟ್ಟಿಗೆ ಬಂದವು. ಅವನು ಒಂದೊಂದೇ ಹೆಸರು ನೋಡಿದ, ಮತ್ತೊಮ್ಮೆ ನೋಡಿದ. "ಶಿವಾನಿ ಅಂತ ಯಾರೂ ಇಲ್ವಲ್ಲ ಸಾರ್."

"ರೂಪಶ್ರೀ ಅಂತ ಇದೆಯಾ ನೋಡಿ," ಎಂದಳು ಶಿವಾನಿ.

"ಇದೆ. ಮೂರು ಸಲ ಕಳಿಸವ್ರೆ ಪಾಪ."

"ಅದನ್ನ ಈಗಲೇ ಬಾಕಿ ಅರ್ಜಿಗಳ ಜೊತೆ ಸೇರಿಸಿಬಿಡಿ ಸಾರ್."

ಬಸವರಾಜು ಸೇರಿಸಿದ. ಕಾಂತರಾಜ್ ಕಕ್ಕಾಬಿಕ್ಕಿಯಾಗಿ ಮಗಳತ್ತ ತಿರುಗಿದರು. "ನಿಂದೆಲ್ಲಮ್ಮ?"

"ನಾನು ಅರ್ಜಿ ಹಾಕೇ ಇಲ್ಲ ಅಪ್ಪಾಜಿ. ನನ್ನ ಫ್ರೆಂಡ್ ರೂಪಶ್ರೀ ಅರ್ಜಿ ಎಲ್ಲೋ ಸಿಕ್ಕಿಕೊಂಡಿದೆ, ಸ್ವಲ್ಪ ವಿಚಾರಿಸಿ ಅಂತ ಹೋದ ವಾರವೆಲ್ಲ ಗೋಗರೆದೆ. 'ಯಾರದ್ದೋ ತಲೆನೋವು ನಮಗ್ಯಾಕೆ, ಬುಡು' ಅಂದ್ರಿ. ಅದಕ್ಕೇ ನಂದು ಅಂದೆ."